ಬಚ್ಚಲ ಒಲೆ ಮೊದಲು

ಆಗ ನನಗೆ ಐವತ್ತೆಂಟು. ಈಗ್ಗೆ ಹದಿನಾಲ್ಕು ವರ್ಷದ ಹಿಂದಿನ ಮಾತು. ಮರೆತುಬಿಟ್ಟಿದ್ದೆ ಅಂದರೆ ಸುಳ್ಳಾಗುತ್ತದೆ. ನೆನೆಸಿಕೊಂಡು ಕೂರುವುದಕ್ಕೆ ಪುರುಸೊತ್ತು ಇರಲಿಲ್ಲ, ಅಷ್ಟೇ.

ಹೋದ ತಿಂಗಳು ಉಡುತಡಿಗೆ ತಂಗಿಯ ಮನೆಗೆ ಹೋಗಿದ್ದೆ. ಅವರ ಬಚ್ಚಲಲ್ಲಿ ಇನ್ನೂ ಸೌದೆ ಒಲೆಯ ಹಂಡೆ ಇದೆ. ಮೊದಲ ಚೊಂಬು ಮೈಮೇಲೆ ಸುರಿದುಕೊಂಡೆನೋ ಇಲ್ಲವೋ, ಹೊಗೆ ಕುಡಿದ ಬಿಸಿನೀರಿನ ವಾಸನೆ ಮೂಗಿಗೆ ಹೊಡೆಯಿತು. ಕರೆಂಟಿನಲ್ಲಿ ಕಾಯಿಸಿದ ನೀರಿಗೆ ಆ ವಾಸನೆ ಎಲ್ಲಿಂದ ಬರಬೇಕು? ಚೊಂಬು ಹಿಡಿದು ಹಾಗೇ ನಿಂತುಬಿಟ್ಟೆ. ಹೊರಗಿನಿಂದ ತಂಗಿ ಕೂಗಿದಳು, "ಅಕ್ಕಾ, ಒಳಗೇ ನಿದ್ದಿ ಹೋದ್ಯೇನು?"

ನಿದ್ದೆ ಅಲ್ಲ. ನಮ್ಮ ವಾರ್ಡನ್ ಮೇಡಂ ನೆನಪಾಗಿದ್ದರು.

ಶಿಕಾರಿಪುರದಲ್ಲಿ ಕಾಲೇಜು ಹುಡುಗಿಯರದೊಂದು ಹಾಸ್ಟೆಲು. ನಾನು ಅಲ್ಲಿ ಅಡುಗೆಯವಳು. ಮೂವತ್ತೆರಡು ಹುಡುಗಿಯರು. ಅಂಬ್ಲಿಗೊಳದ ಕಡೆಯವರು, ಸೊರಬದ ಆಚೆಯ ಹಳ್ಳಿಗಳವರು, ಬೆಳಗಿನ ಬಸ್ಸು ಸಿಕ್ಕದ ಊರಿನವರೆಲ್ಲ ಅಲ್ಲಿದ್ದರು. ಒಂಬತ್ತು ವರ್ಷದಿಂದ ಅಷ್ಟೂ ಜನಕ್ಕೆ ನಾನೊಬ್ಬಳೇ ಬೇಯಿಸಿ ಹಾಕುತ್ತಿದ್ದೆ. ನನ್ನ ಓದು ಎರಡನೇ ಕ್ಲಾಸಿಗೆ ಮುಗಿದಿತ್ತು. ಅಡುಗೆಯಲ್ಲಿ ಮಾತ್ರ ನನಗೆ ಯಾರೂ ಪಾಠ ಹೇಳುವ ಹಾಗಿರಲಿಲ್ಲ, ಹೇಳಲು ಬಂದವರನ್ನು ನಾನು ಸೌಟು ಹಿಡಿದೇ ಮಾತಾಡಿಸುತ್ತಿದ್ದೆ.

ಈ ಮೇಡಂ ಬಂದದ್ದು ಒಂದು ದೀಪಾವಳಿ ಕಳೆದ ಮೇಲೆ. ಸೊರಬದವರು. ಕಾಲೇಜಿನ ಲೈಬ್ರರಿ ನೋಡಿಕೊಳ್ಳುತ್ತಿದ್ದರು, ಜೊತೆಗೆ ಹಾಸ್ಟೆಲಿನ ಜವಾಬ್ದಾರಿಯನ್ನೂ ಅವರ ತಲೆಗೆ ಕಟ್ಟಿದ್ದರು. ಸಣಕಲು ಮೈ, ದೊಡ್ಡ ಕನ್ನಡಕ, ಮಾತು ಕಡಿಮೆ. ಅವರದೊಂದು ಚಾಳಿ ನನಗೆ ಮೊದಲ ದಿನದಿಂದಲೇ ಹಿಡಿಸಲಿಲ್ಲ. ಹುಡುಗಿಯರು ತಿಂದು ಎದ್ದ ಮೇಲೆ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಬಂದು ನಿಂತು, ಎಂಜಲು ತಟ್ಟೆಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಯಾರೂ ಮುಟ್ಟದೆ ಉಳಿದದ್ದು ಯಾವುದು, ಬೆರಳಲ್ಲಿ ಒರೆಸಿ ತಿಂದದ್ದು ಯಾವುದು ಎಂದು.

"ಏನ್ರೀ ಮೇಡಂ, ತಟ್ಟ್ಯಾಗ ಬಂಗಾರ ಹುಡುಕ್ತೀರೇನು?" ಎಂದು ಕೇಳಿದ್ದೆ.

"ಹೌದಮ್ಮ. ಇನ್ನೂ ಸಿಕ್ಕಿಲ್ಲ" ಎಂದಿದ್ದರು. ನಗಲಿಲ್ಲ.

ಬೆಳಗಿನ ತಿಂಡಿಯ ತಟ್ಟೆಗಳಲ್ಲಿ ನೋಡುವುದಕ್ಕೆ ಏನೂ ಇರುತ್ತಿರಲಿಲ್ಲ, ಯಾಕೆಂದರೆ ತಟ್ಟೆಗಳೇ ಎದ್ದು ಬರುತ್ತಿರಲಿಲ್ಲ. ಮೂವತ್ತೆರಡು ಜನರಲ್ಲಿ ತಿಂಡಿ ತಿನ್ನುತ್ತಿದ್ದವರು ಎಂಟೋ ಹತ್ತೋ. ಉಳಿದವರು ಚಾ ಕುಡಿದು, ಒದ್ದೆ ಕೂದಲು ಕಟ್ಟಿಕೊಳ್ಳುತ್ತ ಓಡುತ್ತಿದ್ದರು. ಹನ್ನೊಂದು ಗಂಟೆಗೆ ಕಾಲೇಜಿನ ಮುಂದೆ ಮಂಡಕ್ಕಿ ಮೆಣಸಿನಕಾಯಿ, ಕ್ರೀಮ್ ಬನ್ನು, ಮತ್ತೆ ಚಾ. ಮಧ್ಯಾಹ್ನ ಹೊಟ್ಟೆ ಉರಿ ಎಂದು ಊಟ ಬೇಡ. ಸಂಜೆ ತಲೆನೋವು. ಪರೀಕ್ಷೆ ಹತ್ತಿರ ಬಂದ ಹಾಗೆಲ್ಲ ಅವರ ಕಣ್ಣು ಗುಳಿ ಬೀಳುತ್ತ, ಮುಡಿಯಲ್ಲಿ ಕೂದಲು ಉದುರುತ್ತ ಬರುತ್ತಿತ್ತು. ಇದೆಲ್ಲ ಓದಿನ ಭಾರ ಎಂದು ನಾನು ತಿಳಿದಿದ್ದೆ. ಉಪ್ಪಿಟ್ಟು ಅವರಿಗೆ ಸೇರುತ್ತಿಲ್ಲ ಎಂದೂ ತಿಳಿದಿದ್ದೆ. ಹಾಗಾಗಿ ಎಣ್ಣೆ ಜಾಸ್ತಿ ಮಾಡಿದೆ. ಪೂರಿ ಕರಿದೆ. ಒಂದು ದಿನ ಬೆಳಿಗ್ಗೆ ಏಳಕ್ಕೇ ಮೆಣಸಿನಕಾಯಿ ಬಜ್ಜಿಯನ್ನೂ ಹಾಕಿದೆ! ಬುಟ್ಟಿ ತುಂಬ ಉಳಿಯಿತು. ಸಿಟ್ಟು ಬಂದು ನಾನೇ ನಾಲ್ಕು ತಿಂದೆ, ಹೊಟ್ಟೆ ಕೆಡಿಸಿಕೊಂಡೆ.

ಆಮೇಲೆ ಅಂಬ್ಲಿಗೊಳದ ಹುಡುಗಿ ಬಿದ್ದಳು.

ಬಿ.ಎಸ್ಸಿ. ಕೊನೆಯ ವರ್ಷದವಳು. ಲ್ಯಾಬಿನಲ್ಲಿ ಗಾಜಿನ ನಳಿಗೆ ಹಿಡಿದು ನಿಂತವಳು ಹಾಗೇ ಕುಸಿದಳು. ಗಾಜು ಒಡೆದು ಅಂಗೈ ಕೊಯ್ದುಕೊಂಡಿತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಮಾತು, ಬೆಳಿಗ್ಗೆ ಏನು ತಿಂದಿದ್ದೀಯ ಎಂದು. ಹುಡುಗಿ "ಚಾ" ಎಂದಿತಂತೆ.

ಮರು ವಾರವೇ ಕಮಿಟಿಯ ಇಬ್ಬರು ಗಂಡಸರು ಬಂದರು. ಒಬ್ಬರು ಅಂಜನಾಪುರದ ಗೌಡರು, ಇನ್ನೊಬ್ಬರು ಪೇಟೆಯಲ್ಲಿ ಅಡಿಕೆ ವ್ಯಾಪಾರದವರು. ಅಡುಗೆಮನೆಯ ಹೊಸ್ತಿಲಲ್ಲೇ ನಿಂತು ತೀರ್ಪು ಹೇಳಿದರು. ಅಡುಗೆ ಚೆನ್ನಾಗಿಲ್ಲ, ಅದಕ್ಕೇ ಮಕ್ಕಳು ತಿನ್ನುತ್ತಿಲ್ಲ. ಇನ್ನು ಪರೀಕ್ಷೆಗೆ ಒಂದು ತಿಂಗಳಿದೆ. ಪರೀಕ್ಷೆಯಲ್ಲಿ ಇನ್ನೊಬ್ಬಳು ಬಿದ್ದರೆ ಅಡುಗೆಮನೆ ಕಂತ್ರಾಟಿಗೆ ಹೋಗುತ್ತದೆ.

"ಅಂದ್ರ ನಾನು?" ಎಂದು ಕೇಳಿದೆ.

"ನಿನಗೂ ವಯಸ್ಸಾತಲ್ಲವಾ, ಮನಿಯಾಗ ಆರಾಮ ಇರು" ಎಂದರು ಗೌಡರು. ಪ್ರೀತಿಯಿಂದಲೇ ಅಂದರು, ಅದೇ ಹೆಚ್ಚು ಉರಿಯಿತು. ನನಗೆ ಮನೆ ಎಂಬುದು ಅಡುಗೆಮನೆಯ ಪಕ್ಕದ ಆ ಕೋಣೆಯೇ ಆಗಿತ್ತು. ಕೆಲಸ ಹೋದರೆ ತಂಗಿಯ ಮನೆಯ ಜಗುಲಿ. ತಂಗಿ ಒಳ್ಳೆಯವಳೇ, ಆದರೆ ಇನ್ನೊಬ್ಬರ ಜಗುಲಿ ಇನ್ನೊಬ್ಬರದೇ.

ಅವರು ಹೋದ ಮೇಲೆ ಮೇಡಮ್ಮಿನ ಮೇಲೆ ಹಾರಿದೆ. ದಿನಾ ತಟ್ಟೆ ನೋಡಿ ಚಾಡಿ ಹೇಳಿದ್ದು ನೀವೇ ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಮಣೆ ಎಳೆದುಕೊಂಡು ಕೂತು, ನಾನು ಸುಸ್ತಾಗುವವರೆಗೆ ಕಾದರು.

"ಅಮ್ಮಾ, ನೀವು ಬೆಳಿಗ್ಗೆ ಎಷ್ಟು ಹೊತ್ತಿಗೆ ತಿಂಡಿ ತಿಂತೀರಿ?"

"ನಾನೇನ್ರಿ, ನಾಕೂವರಿಗೆ ಎದ್ದು ತಣ್ಣೀರು ಸುರಕೊಂಡು ಲಿಂಗಪೂಜಿ ಮುಗಿಸೇ ಒಲಿ ಹಚ್ಚಾಕಿ. ಉಪ್ಪಿಟ್ಟು ಇಳಿಸಿದ ಕೂಡ್ಲೇ ಒಂದು ತಟ್ಟಿ ಹೊಡಿತೀನಿ."

"ಮೀಯದೆ, ಪೂಜೆ ಮಾಡದೆ ತಿಂದಿದ್ದೀರಾ ಯಾವತ್ತಾದ್ರೂ?"

"ಶಿವಾ! ಹುಟ್ಟಿದಾಗಿಂದ ಇಲ್ರಿ."

"ಹುಡುಗೀರು?"

ನನ್ನ ಕಣ್ಣು ಬಚ್ಚಲ ಕಡೆ ಹೋಯಿತು.

ಮರುದಿನ ಬೆಳಿಗ್ಗೆ ಮೇಡಂ ಬಚ್ಚಲ ಬಾಗಿಲ ಎದುರು ಒಂದು ಸ್ಟೂಲು ಹಾಕಿಕೊಂಡು ಕೂತರು. ಕೈಯಲ್ಲಿ ಕಾಗದ, ಪೆನ್ನು. ಯಾವ ಹುಡುಗಿ ಎಷ್ಟು ಹೊತ್ತಿಗೆ ಮಿಂದು ಹೊರಗೆ ಬಂದಳು ಎಂದು ಬರೆದುಕೊಂಡರು. ಬಚ್ಚಲು ಮೂರು. ಹುಡುಗಿಯರಿಗೆ ಮುಜುಗರವಾಗಿ ಕಿಸಿಕಿಸಿ ನಕ್ಕರು. "ಮೇಡಂ, ನಾವು ಎಷ್ಟು ಚೊಂಬು ಹೊಯ್ಕೊಂಡ್ವಿ ಅಂತಾನೂ ಬರ್ಕೊಳ್ರಿ" ಎಂದು ಒಬ್ಬಳು ಚುಡಾಯಿಸಿದಳು. ಮೇಡಂ ಅದನ್ನೂ ಬರೆದುಕೊಂಡರು. ಕೊನೆಯ ಹುಡುಗಿ ಹೊರಗೆ ಬಂದಾಗ ಒಂಬತ್ತೂಕಾಲು. ಕಾಲೇಜಿನ ಗಂಟೆ ಒಂಬತ್ತೂವರೆಗೆ.

ಅಲ್ಲಿದ್ದ ಹೆಚ್ಚಿನ ಹುಡುಗಿಯರು ನಮ್ಮಂಥ ಮನೆಯವರೇ. ಮೀಯದೆ, ವಿಭೂತಿ ಇಟ್ಟು ಪೂಜೆ ಮಾಡದೆ ಅನ್ನ ಮುಟ್ಟಬಾರದು ಎಂದು ಅವ್ವ, ಅಜ್ಜಿ ಹೇಳಿ ಕಳಿಸಿದವರು. ಉಳಿದವರ ಮನೆಗಳಲ್ಲೂ ಮುಖ ತೊಳೆದು ತಿಂಡಿಗೆ ಕೂರುವ ರೂಢಿ ಇರಲಿಲ್ಲ. ಒಂಬತ್ತಕ್ಕೆ ಮಿಂದವಳು ಪೂಜೆ ಯಾವಾಗ ಮಾಡಬೇಕು, ತಿಂಡಿ ಯಾವಾಗ ತಿನ್ನಬೇಕು? ಆದರೆ ಚಾ ಕುಡಿಯಬಹುದು. ಚಾ ನಮ್ಮಲ್ಲಿ ನೀರಿನ ಲೆಕ್ಕ! ಆ ಲೆಕ್ಕ ಯಾವ ಹಿರಿಯರು ಮಾಡಿಟ್ಟರೋ ಗೊತ್ತಿಲ್ಲ, ನಾನೂ ಅದನ್ನೇ ನಂಬಿದ್ದೆ. ಹೀಗೆ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರು ಪೂಜೆಯೂ ಇಲ್ಲದೆ ಊಟವೂ ಇಲ್ಲದೆ ನೀರಿನ ಲೆಕ್ಕದ ಮೇಲೆ ಡಿಗ್ರಿ ಓದುತ್ತಿದ್ದರು. ನನಗೆ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳುವಂಥದ್ದು ಏನಿದೆ, ಎಲ್ಲರಿಗೂ ಗೊತ್ತಿರುವ ಮಾತು ಎಂದುಕೊಂಡಿದ್ದರು.

ಇನ್ನು ನೀರು ತಡವಾಗುತ್ತಿದ್ದದ್ದು ಯಾಕೆ? ಅದಕ್ಕೆ ಕಾರಣ ನಾನು. ಮಾಡಿನ ಮೇಲೆ ಸೋಲಾರ್ ಇತ್ತು, ಅದರ ಪೈಪನ್ನು ಮಂಗಗಳು ಕಿತ್ತು ವರ್ಷವಾಗಿತ್ತು. ಬಚ್ಚಲ ಹಂಡೆಗೆ ಸೌದೆಯೇ ಗತಿ. ನಾನು ಅಡುಗೆ ಒಲೆ ಮೊದಲು ಹಚ್ಚಿ, ತಿಂಡಿ ಇಳಿಸಿ, ಉಳಿದ ಕೆಂಡವನ್ನು ಬಾಣಲಿಯಲ್ಲಿ ಎತ್ತಿಕೊಂಡು ಹೋಗಿ ಹಂಡೆ ಒಲೆಗೆ ಸುರಿಯುತ್ತಿದ್ದೆ. ಸೌದೆ ಉಳಿತಾಯ. ಕಮಿಟಿಯವರು ಹೊಗಳಿದ್ದರು. ತಿಂಡಿ ಏಳಕ್ಕೇ ತಯಾರು, ನೀರು ಕಾಯುವುದು ಎಂಟಕ್ಕೆ. ನನ್ನ ಜಾಣತನಕ್ಕೆ ಬೆಂಕಿ ಹಾಕಬೇಕಿತ್ತು.

ಹಿಂದೆ ಒಬ್ಬಳು ವಾರ್ಡನ್ ಇದ್ದಳು. ಇದೆಲ್ಲ ಮೂಢನಂಬಿಕೆ, ಹಾಗೇ ತಿನ್ನಿ ಎಂದು ಕೋಣೆಗಳಿಗೆ ಹೋಗಿ ಬೈಯುತ್ತಿದ್ದಳಂತೆ, ಹುಡುಗಿಯರು ಇದನ್ನು ನನಗೆ ಹೇಳಿದ್ದು ಆಮೇಲೆ. ಹುಡುಗಿಯರು ಅವಳ ಎದುರು ತಟ್ಟೆ ಹಿಡಿದು ಹಿಂದೆ ಹೋಗಿ ನಾಯಿಗೆ ಹಾಕುತ್ತಿದ್ದರಂತೆ. ಆ ಕಾಲದ ನಾಯಿ ಕರುವಿನಷ್ಟು ದಪ್ಪ ಇತ್ತು. ಈ ಮೇಡಂ ಹಾಗೆ ಮಾಡಲಿಲ್ಲ. "ಅವರ ಮನೆ ಪದ್ಧತಿ ತಿದ್ದೋಕೆ ನಾನ್ಯಾರು ಮಾರಾಯ್ರೆ? ಒಲೆ ಹಚ್ಚೋ ಹೊತ್ತು ತಿದ್ದೋಣ" ಎಂದರು.

ಬಚ್ಚಲ ಒಲೆ ಮೊದಲು. ನಾಲ್ಕಕ್ಕೆ. ಅಷ್ಟೇ ಮದ್ದು.

ಆದರೆ ಅಷ್ಟು ಸುಲಭದಲ್ಲಿ ಮುಗಿಯಲಿಲ್ಲ. ನಾಲ್ಕು ಗುಂಪು ಮಾಡಿ ಐದರಿಂದ ಸರದಿ ಹಾಕಿದರು. ಮೊದಲ ಸರದಿಗೆ ಯಾರೂ ಏಳಲಿಲ್ಲ. ನಾನು ಹೋಗಿ ಕಂಬಳಿ ಎಳೆದೆ. ಪರೀಕ್ಷೆ ದಿನ ತಲೆಗೆ ಎರೆದುಕೊಂಡರೆ ಒಳ್ಳೆಯದು ಎಂಬ ಹುಚ್ಚು ಬೇರೆ. ಒಬ್ಬೊಬ್ಬಳಿಗೆ ಅರ್ಧ ಗಂಟೆ, ಅರ್ಧ ಹಂಡೆ! "ತಲಿಗೆ ನೀರು ಭಾನುವಾರ. ಪ್ರಶ್ನಿಪತ್ರಿಕಿ ನಿಮ್ಮ ಕೂದಲು ಮೂಸಿ ನೋಡಂಗಿಲ್ಲ" ಎಂದು ನಾನೇ ಕಟ್ಟಪ್ಪಣೆ ಮಾಡಿದೆ. ಒಂದಿಬ್ಬರು ಅತ್ತರು. ಅಳಲಿ ಎಂದು ಬಿಟ್ಟೆ.

ಅಡುಗೆಯ ವಿಷಯಕ್ಕೆ ಮತ್ತೆ ಜಗಳ. ಹೊಟ್ಟೆ ತುಂಬಬೇಕಾದರೆ ಪೂರಿ ಎಂದು ನನ್ನ ಹಟ. ಮೇಡಂ ತಮ್ಮ ತಟ್ಟೆಯ ಲೆಕ್ಕ ತೆಗೆದರು. ಪೂರಿ ಅರ್ಧ ಉಳಿಯುತ್ತದೆ, ತಿಂದವರು ಎರಡನೇ ಪಾಠಕ್ಕೆ ತೂಕಡಿಸುತ್ತಾರೆ. ಸೊಪ್ಪಿನ ಪಲ್ಯ, ಶೇಂಗಾ ಚಟ್ನಿ ಒಂದು ಚೂರೂ ಉಳಿಯುವುದಿಲ್ಲ. "ಅವರು ಮನೇಲಿ ಎಂತ ತಿಂತಿದ್ರೋ ಅದನ್ನೇ ಕೊಡಿ" ಎಂದರು. ಕುದಿಯುವ ನೀರಿನಲ್ಲಿ ಹಿಟ್ಟು ಉಕ್ಕರಿಸಿ ಅಕ್ಕಿ ರೊಟ್ಟಿ. ನುಗ್ಗೆ ಸೊಪ್ಪೋ ಹರಿವೆಯೋ ಯಾವುದಾದರೊಂದು ಪಲ್ಯ. ಮೊಳಕೆ ಬಂದ ಹೆಸರುಕಾಳು. ಒಂದು ಲೋಟ ರಾಗಿ ಅಂಬಲಿ, ಮಜ್ಜಿಗೆ ಬೆರೆಸಿದ್ದು. ಹನ್ನೊಂದು ಗಂಟೆಗೆ ಬುತ್ತಿ: ಚಟ್ನಿ ಸವರಿ ಸುತ್ತಿದ ಒಂದು ರೊಟ್ಟಿ, ಒಂದು ಬಾಳೆಹಣ್ಣು.

"ನೂರು ರೊಟ್ಟಿ ನಿಮ್ಮಪ್ಪ ಬಡೀತಾನೇನ್ರಿ?" ಎಂದೆ. ನಾಲಿಗೆ ಕಚ್ಚಿಕೊಂಡೆ, ಆದರೆ ಅಂದದ್ದು ಅಂದಾಗಿತ್ತು.

"ನಮ್ಮಪ್ಪ ತೀರಿಕೊಂಡಿದ್ದಾರೆ. ನಾನು ಬಡೀತೇನೆ" ಎಂದರು.

ಬಡಿದರು ಕೂಡ. ಬೆಳಿಗ್ಗೆ ಐದಕ್ಕೆ ಬಂದು ನನ್ನ ಎದುರು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಪುಸ್ತಕ ಹಿಡಿದ ಕೈ, ಹಿಟ್ಟು ಹಿಡಿದದ್ದಲ್ಲ. ಅವರ ರೊಟ್ಟಿಗೆ ನಾಲ್ಕು ಮೂಲೆ ಇರುತ್ತಿತ್ತು. ಎರಡನೇ ವಾರಕ್ಕೆ ಮೂರಾಯಿತು. ಮೊದಲು ಮಿಂದ ಹುಡುಗಿಯರು ಪೂಜೆ ಮುಗಿಸಿ ಬಂದವರು ನೋಡಿ ನಗುತ್ತ ತಾವೂ ಕೂತರು. ಹಿಟ್ಟು ಮೆತ್ತಿದ ಕೈಯಲ್ಲೇ ಒಬ್ಬಳಿಗೊಬ್ಬಳು ಪಾಠ ಒಪ್ಪಿಸುವರು. ನನಗೆ ಏನೂ ತಿಳಿಯದಿದ್ದರೂ ಕೇಳುವುದಕ್ಕೆ ಚೆನ್ನಾಗಿತ್ತು...

ಬುತ್ತಿ ಮಾತ್ರ ಹೋಗಲಿಲ್ಲ. ಸೊರಬದ ಕಡೆಯ ಒಬ್ಬಳು ಸಿಂಗಾರಿ ಇದ್ದಳು. "ಬುತ್ತಿ ಕಟ್ಕೊಂಡು ಹೋಗೋಕೆ ನಾವೆಂತ ಗದ್ದೆ ಕೊಯ್ಯೋಕೆ ಹೋಗ್ತೀವಾ?" ಎಂದಳು. ಅವಳು ಬೇಡ ಎಂದರೆ ಮೂವತ್ತೊಂದು ಜನಕ್ಕೂ ಬೇಡ. ಮೇಡಂ ಬೈಯಲಿಲ್ಲ. ಅವತ್ತು ಹನ್ನೊಂದು ಗಂಟೆಗೆ ಲೈಬ್ರರಿಯಿಂದ ಎದ್ದು, ಸುತ್ತಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದು ತಿನ್ನುತ್ತ, ಕಾಲೇಜಿನ ಪಡಸಾಲೆಯ ಆ ತುದಿಯಿಂದ ಈ ತುದಿಗೆ ನಡೆದರಂತೆ. ಗಂಡುಹುಡುಗರ ಎದುರಿಗೂ, ಪ್ರಿನ್ಸಿಪಾಲರ ಕೋಣೆಯ ಎದುರಿಗೂ. ಮರುದಿನವೂ. ಮೂರನೇ ದಿನ ಪ್ರಿನ್ಸಿಪಾಲರೇ ಕರೆದು, "ಏನ್ರೀ ಅದು, ಘಮ್ ಅಂತೈತಿ" ಎಂದು ಕೇಳಿ ಅರ್ಧ ಇಸಿದುಕೊಂಡರಂತೆ. ಇನ್ನೇನು ಬೇಕು? ನಾಲ್ಕನೇ ದಿನ ಮೂವತ್ತೆರಡು ಬುತ್ತಿ ಹೋದವು. ಸಿಂಗಾರಿ ಎರಡು ಸುತ್ತಿಸಿಕೊಂಡಳು, ಒಂದು ಯಾರಿಗೋ ಕೊಡಬೇಕಿತ್ತಂತೆ. ನಾನು ಕೇಳಲಿಲ್ಲ.

ಪರೀಕ್ಷೆಯ ಮೊದಲ ದಿನ ಬಂತು. ಎಲ್ಲರೂ ಎಂಟಕ್ಕೇ ಮಿಂದು ತಿಂದು ಮುಗಿಸಿದ್ದರು. ಅಂಬ್ಲಿಗೊಳದ ಹುಡುಗಿ ಮಾತ್ರ ರೊಟ್ಟಿ ಮುರಿದು ಮುರಿದು ತಟ್ಟೆಯಲ್ಲೇ ಇಟ್ಟಿದ್ದಳು. ಅಂಗೈಯ ಗಾಯ ಮಾಯ್ದಿತ್ತು.

"ಗಂಟಲಾಗ ಇಳಿವಲ್ದು ಅಮ್ಮ. ಮತ್ತೆ ಬಿದ್ರ?"

ಸುಳ್ಳು ಯಾಕೆ ಹೇಳಲಿ? ಅವಳ ಪಾಸು ಫೇಲಿಗಿಂತ ಮೊದಲು ನನ್ನ ಕೋಣೆ ಕಣ್ಣೆದುರು ಬಂತು. ಬಡಿದು ತಿನ್ನಿಸಲೇ ಎಂದುಕೊಂಡೆ. ಮೇಡಂ ನನ್ನನ್ನು ಸರಿಸಿ ಅವಳ ಪಕ್ಕ ಕೂತರು. ರೊಟ್ಟಿ ತೆಗೆದಿಟ್ಟು ಅಂಬಲಿ ಲೋಟ ಕೊಟ್ಟರು. "ಅರ್ಧ ಕುಡಿ ಸಾಕು. ಕುಡಿದು ಅಂಗಳದಲ್ಲಿ ಒಂದು ಸುತ್ತು ಹಾಕಿ ಬಾ, ಆಮೇಲೆ ಇನ್ನರ್ಧ. ಹೆದರಿದ ಹೊಟ್ಟೆ ಅಗಿಯೋಕೆ ಒಪ್ಪಲ್ಲ, ಕುಡಿಯೋಕೆ ಒಪ್ಪುತ್ತೆ" ಎಂದರು. ಹುಡುಗಿ ಸುತ್ತು ಹಾಕಿದಳು. ಮೂರು ಸುತ್ತಿಗೆ ಒಂದೂವರೆ ಲೋಟ ಇಳಿಯಿತು. ಹೋಗುವಾಗ ಬಾಳೆಹಣ್ಣನ್ನು ಕೇಳಿ ಇಸಿದುಕೊಂಡಳು.

ಅವತ್ತು ಮಧ್ಯಾಹ್ನದವರೆಗೆ ನಾನು ಗೇಟಿನ ಹತ್ತಿರವೇ ನಿಂತಿದ್ದೆ. ಆಟೋ ಸದ್ದಾದರೆ ಸಾಕು, ಯಾರನ್ನೋ ಎತ್ತಿಕೊಂಡು ಬಂದರೇನೋ ಎಂದು. ಯಾರನ್ನೂ ತರಲಿಲ್ಲ. ಮೂವತ್ತೆರಡೂ ಜನ ತಮ್ಮ ಕಾಲ ಮೇಲೆ ನಡೆದು ಬಂದರು. ಅಂಬ್ಲಿಗೊಳದವಳು ದೂರದಿಂದಲೇ ಕೈ ಎತ್ತಿದಳು. ಎರಡನೇ ಪತ್ರಿಕೆಗೂ ಹಾಗೇ. ಕೊನೆಯದಕ್ಕೂ ಹಾಗೇ. ಒಬ್ಬಳೂ ಬೀಳಲಿಲ್ಲ! ಕೊನೆಯ ದಿನ ಹುಡುಗಿಯರು ಓಡಿ ಬಂದು ನನ್ನ ಕೈಯ ಸೌಟು ಕಸಿದುಕೊಂಡು, ತಟ್ಟೆ ಬಡಿಯುತ್ತ ನನ್ನನ್ನೂ ಮೇಡಮ್ಮನ್ನೂ ನಡುವೆ ನಿಲ್ಲಿಸಿ ಕುಣಿದರು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು, ಹಿಟ್ಟು ಹಾರಿದೆ ಎಂದರು. ಅವತ್ತು ಹಿಟ್ಟು ಕಲಸಿಯೇ ಇರಲಿಲ್ಲ.

ಅಷ್ಟರಲ್ಲಿ ಕಂತ್ರಾಟಿನವನು ಒಮ್ಮೆ ಬಂದು ಅಡುಗೆಮನೆ ಅಳೆದುಕೊಂಡು ಹೋಗಿದ್ದ. ಕಮಿಟಿಯವರು ಮತ್ತೆ ಬಂದಾಗ ಮೇಡಂ ಅವರನ್ನು ಹೊಸ್ತಿಲಲ್ಲಿ ನಿಲ್ಲಿಸಲಿಲ್ಲ, ಒಳಗೆ ಕರೆದು ಮಣೆ ಹಾಕಿದರು. ನಾನು ರೊಟ್ಟಿ ಬಡಿಸಿದೆ, ಮೇಡಂ ಬಿಸಿನೀರಿನ ಕತೆ ಹೇಳಿದರು. ಗೌಡರು ಕೇಳುತ್ತ ಕೇಳುತ್ತ ಐದು ತಿಂದರು. ತಿಂದ ಮೇಲೆ, "ಹಂಗಾರ ಇಷ್ಟು ದಿನ ತಪ್ಪು ಯಾರದು?" ಎಂದರು.

"ಬಿಸಿನೀರಿನ ವ್ಯವಸ್ಥೆ ವಾರ್ಡನ್ ನೋಡಬೇಕಿತ್ತು. ತಪ್ಪು ನನ್ನದು" ಎಂದರು ಮೇಡಂ.

"ಸುಮ್ನಿರ್ರಿ ಮೇಡಂ" ಎಂದೆ. "ಒಂಬತ್ತು ವರ್ಷ ಒಲಿ ಹಚ್ಚಿದಾಕಿ ನಾನು. ಬಂದು ನಾಕು ತಿಂಗಳಾಗಿಲ್ಲ, ನನ್ನ ತಪ್ಪು ನೀವ್ಯಾಕ ಹೊರ್ತೀರಿ? ತಪ್ಪು ನಂದ ರೀ ಗೌಡ್ರ. ಹೊಗಳಿದ್ದು ನಿಮ್ದು."

ಅಡಿಕೆ ವ್ಯಾಪಾರದವರು ನಕ್ಕುಬಿಟ್ಟರು. ಗೌಡರೂ ನಕ್ಕರು. ಕಂತ್ರಾಟು ಅಲ್ಲಿಗೇ ನಿಂತಿತು. ತಿಂಗಳೊಳಗೆ ಇನ್ನೂ ಎರಡು ಬಚ್ಚಲು ಕಟ್ಟಿಸಿದರು. ಅಂಬ್ಲಿಗೊಳದವಳು ಫಸ್ಟ್ ಕ್ಲಾಸು. ನಾನು ಅರವತ್ತೇಳು ತುಂಬಿ ಮಂಡಿ ಸೋಲುವವರೆಗೆ ಅದೇ ಅಡುಗೆಮನೆಯಲ್ಲಿ ಬೇಯಿಸಿದೆ. ನನ್ನನ್ನು ಯಾರೂ ಕಳಿಸಲಿಲ್ಲ, ನಾನೇ ಎದ್ದು ಬಂದು ಪೇಟೆಯಲ್ಲೊಂದು ಬಾಡಿಗೆ ಕೋಣೆ ಹಿಡಿದೆ.

ಮೇಡಂ ಮಾತ್ರ ಎರಡು ವರ್ಷಕ್ಕೆ ಸೊರಬಕ್ಕೆ ವಾಪಸು ಹೋದರು. ಹೋಗುವಾಗ, "ಒಂದು ಸಲ ಬನ್ನಿ ಅಮ್ಮ, ದುಂಡಗೆ ರೊಟ್ಟಿ ಮಾಡಿ ತೋರಿಸ್ತೇನೆ" ಎಂದಿದ್ದರು. ಬರ್ತೀನಿ ಎಂದೆ. ಹೋಗಲಿಲ್ಲ. ಬಸ್ಸು ಹತ್ತಿದರೆ ಸೊರಬವೇನು ಕಾಶಿಯೇ? ಆದರೂ ಹೋಗಲಿಲ್ಲ...

ತಂಗಿಯ ಮನೆಯಿಂದ ಬಂದವಳು ಈ ಸಲ ಹೊರಟೇಬಿಟ್ಟೆ. ಅಂಬ್ಲಿಗೊಳದ ಹುಡುಗಿ ಈಗ ಸೊರಬದಲ್ಲೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಅವಳ ಫೋನ್ ನಂಬರು ಇತ್ತು. ಮೇಡಮ್ಮಿನ ಮನೆ ತೋರಿಸು, ಬರ್ತೀನಿ ಎಂದೆ. ಬಸ್ ಸ್ಟ್ಯಾಂಡಿಗೆ ಬಂದವಳು ನನ್ನ ಚೀಲ ತೆಗೆದುಕೊಂಡು ಸುಮ್ಮನೆ ತನ್ನ ಮನೆಗೇ ಕರೆದುಕೊಂಡು ಹೋದಳು. ಕೂರಿಸಿ, ನೀರು ಕೊಟ್ಟು ಹೇಳಿದಳು. ಮೇಡಂ ಹೋದ ಮಳೆಗಾಲದಲ್ಲೇ ಹೋಗಿಬಿಟ್ಟರಂತೆ. ಮೂರು ದಿನದ ಜ್ವರ. ಫೋನಿನಲ್ಲಿ ಹೇಳುವುದಕ್ಕೆ ಇವಳಿಗೆ ಬಾಯಿ ಬಂದಿರಲಿಲ್ಲ.

ನಾನು ಅಳಲಿಲ್ಲ. ಹನ್ನೆರಡು ವರ್ಷ ಬಾರದವಳಿಗೆ ಈಗ ಅಳುವ ಹಕ್ಕು ಎಲ್ಲಿದೆ? ಅವರ ಮನೆಯ ಬೀದಿಗೆ ಹೋಗಿ ಬಾಗಿಲು ನೋಡಿ ಬಂದೆವು. ಬೇರೆ ಯಾರೋ ಇದ್ದರು. ಆ ಸಂಜೆ ಹುಡುಗಿ ಅನ್ನ ಸಾರು ಮಾಡಿದಳು, ಇಬ್ಬರೂ ಕಲಸಿ ಕಲಸಿ ಬಿಟ್ಟೆವು. ನನ್ನ ಜೀವಮಾನದಲ್ಲಿ ತಟ್ಟೆಯಲ್ಲಿ ಅನ್ನ ಬಿಟ್ಟದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅವಳಿಗೆ ಪರೀಕ್ಷೆಯ ಕೆಲಸವಿತ್ತು. ನಾನು ಪೂಜೆ ಮುಗಿಸಿ ಅವಳ ಅಡುಗೆಮನೆ ಹುಡುಕಿ ಹಿಟ್ಟು ಉಕ್ಕರಿಸಿದ್ದೆ. ಅವಳು ಮಿಂದು ಬಂದು, ಚಾ ಕುಡಿದು, ಕಣ್ಣು ಊದಿದ ಮುಖದಲ್ಲೇ ಚೀಲ ಹೆಗಲಿಗೆ ಹಾಕಿದಳು. ಏನೂ ಬೇಡ ಅಂದಳು. ಚೀಲ ಕಿತ್ತುಕೊಂಡೆ.

"ಅಮ್ಮಾ, ಬಿಡ್ರಿ, ಹೊತ್ತಾತು. ನಾನೀಗ ಮೇಡಂ ಆಗೇನಿ, ಹಾಸ್ಟೆಲ್ ಹುಡುಗಿ ಅಲ್ಲ."

"ನೀನು ಆಗಿ. ನಿನ್ನ ಹೊಟ್ಟಿ ಇನ್ನೂ ಮೇಡಂ ಆಗಿಲ್ಲ. ಕೂತ್ಕ."

ಕೂತಳು. ಎರಡು ರೊಟ್ಟಿ, ಒಂದು ಹಿಡಿ ಕಾಳು, ಒಂದು ಲೋಟ ಮಜ್ಜಿಗೆ. ಪೂರ್ತಿ ತಿನ್ನುವವರೆಗೆ ಎದುರಿಗೇ ನಿಂತೆ. ಅವಳನ್ನು ಕಳಿಸಿ, ಬಾಗಿಲು ಹಾಕಿಕೊಂಡು ಬಂದು, ನಾನು ಮೂರು ತಿಂದೆ.